ಟವೆಲ್ ಹಾಕಿದ ಸೀಟು

ತಿಂಡಿ ಆದ ಮೇಲೆ ಸ್ಟ್ರಿಪ್ ಒತ್ತಿದರೆ ಚಿಕ್ಕ ಬಿಳಿ ಮಾತ್ರೆಯೊಂದು ಅಂಗೈಗೆ ಬೀಳುತ್ತದೆ. ಎದೆಯ ಗಂಟಿನ ಆಪರೇಷನ್ ಆದಾಗಿನಿಂದ ಇದು ನನ್ನ ದಿನಚರಿ. ಅದನ್ನು ನೋಡಿದಾಗೆಲ್ಲ ಬೀರೂರು ಜಂಕ್ಷನ್ನಿನ ಕಲ್ಲಿದ್ದಲ ಹೊಗೆ ಮೂಗಿಗೆ ಬಡಿದಂತಾಗುತ್ತದೆ... ಅದರ ಹಿಂದೆಯೇ ನಮ್ಮ ಬಯಾಲಜಿ ಮೇಡಂ.

ಎಂಬತ್ತರ ದಶಕದ ಮಾತು. ನಾನು ಅಜ್ಜಂಪುರದಿಂದ ಕಡೂರಿನ ಕಾಲೇಜಿಗೆ ರೈಲಿನಲ್ಲಿ ಹೋಗುತ್ತಿದ್ದೆ. ಮೇಡಮ್ಮೂ ನಮ್ಮೂರಿನವರೇ, ಅದೇ ರೈಲು. ಗಾಡಿ ಪೂರ್ತಿ ನಿಲ್ಲುವ ಮೊದಲೇ ಕಿಟಕಿಯೊಳಗೆ ಟವೆಲ್ ಎಸೆದು ಅವರಿಗೆ ಸೀಟು ಹಿಡಿಯುವುದು ನನ್ನ ಕೆಲಸ. ಟವೆಲ್ ಬಿದ್ದ ಜಾಗದಲ್ಲಿ ಎಂಥ ಜೋರಿನ ಯಜಮಾನರೂ ಕೂರುತ್ತಿರಲಿಲ್ಲ, ಗೊಣಗಿಕೊಂಡು ಮುಂದೆ ಹೋಗುತ್ತಿದ್ದರು. ಮೇಡಂ ನಿಧಾನಕ್ಕೆ ಹತ್ತಿ ಬಂದು, "ಪರೀಕ್ಷೇಲೂ ಇಷ್ಟು ಚುರುಕಾಗಿದ್ರೆ ಸಾಕಿತ್ತು ಕಣೇ" ಎನ್ನುತ್ತಾ ಕೂರುತ್ತಿದ್ದರು.

ಅವರದು ಮಠಕ್ಕೆ ನಡೆದುಕೊಳ್ಳುವ ಮನೆತನ. ಶಿವದಾರಕ್ಕೆ ಕಟ್ಟಿದ ಲಿಂಗದ ಬೆಳ್ಳಿ ಕರಡಿಗೆ ಸದಾ ಸೆರಗಿನೊಳಗೆ ಎದೆಯ ಮೇಲಿರುತ್ತಿತ್ತು. ಅದರ ಪಕ್ಕದಲ್ಲೇ ಗಂಟೊಂದು ಕೈಗೆ ಸಿಕ್ಕಾಗ, ಕರಡಿಗೆ ಒತ್ತಿ ಹಾಗಾಗಿದೆ ಎಂದುಕೊಂಡರಂತೆ. ದಾರವನ್ನು ಉದ್ದ ಮಾಡಿಕೊಂಡು ಸುಮ್ಮನಾದರು. ನಮಗೆಲ್ಲ ಜೀವಕೋಶದ ಚಿತ್ರ ಬರೆಸಿದವರು ಅವರು. ನೆನೆಸಿಕೊಂಡರೆ ಈಗಲೂ ಸಿಟ್ಟು ಬರುತ್ತದೆ. ನೋವಿರಲಿಲ್ಲವಲ್ಲ, ಅದಕ್ಕೇ ಮೋಸ ಹೋದರು.

ಬೆಂಗಳೂರಿನಲ್ಲಿ ಆಪರೇಷನ್ ಆಯಿತು. ತೆಗೆದ ಗಂಟಿನ ತುಣುಕನ್ನು ಇನ್ನೊಂದು ಪರೀಕ್ಷೆಗೆ ಕಳಿಸಿದ್ದರು. ಊರಿಗೆ ಬಂದವರನ್ನು ನೋಡಲು ಹೋದರೆ, ಮಲಗಿದಲ್ಲಿಂದಲೇ ಪಾಠ ಶುರು.

"ಕೋಶದೊಳಗೆ ರಿಸೆಪ್ಟರ್ ಅಂತ ಒಂದು ಪ್ರೋಟೀನ್ ಇರುತ್ತೆ. ಸೀಟು ಅಂತಿಟ್ಕೋ. ಹೆಣ್ಣಿನ ಹಾರ್ಮೋನ್ ಬಂದು ಕೂತರೆ, ಬೆಳಿ ಅಂತ ಕೋಶಕ್ಕೆ ಅಪ್ಪಣೆ ಆಗುತ್ತೆ. ಕೆಲವು ಕ್ಯಾನ್ಸರ್ ಬೆಳೆಯೋದೇ ಆ ಅಪ್ಪಣೆ ಮೇಲೆ. ಈಗೊಂದು ಮಾತ್ರೆ ಬಂದಿದೆ, ಅದು ಮೊದಲೇ ಹೋಗಿ ಕೂತ್ಬಿಡುತ್ತೆ."

"ನಾನು ಟವೆಲ್ ಹಾಕ್ದಂಗೆ" ಎಂದೆ. ಮೇಡಂ ನಕ್ಕರು. ಅವರ ಗಂಟಿನಲ್ಲಿ ಆ ರಿಸೆಪ್ಟರ್ ಇರಲಪ್ಪಾ ಎಂದು ನಾನು ಊರಿನ ದೇವರಿಗೆಲ್ಲ ಹರಕೆ ಹೊತ್ತೆ.

ಮುಂದಿನ ಸಲ ಹೋದಾಗ ಗೋಡೆ ಕಡೆ ಮುಖ ಮಾಡಿ ಮಲಗಿದ್ದರು.

"ನನ್ನದರಲ್ಲಿ ಸೀಟೇ ಇಲ್ವಂತೆ ಕಣೇ. ಯಾರ ಅಪ್ಪಣೇನೂ ಕಾಯದೆ ಬೆಳೆಯೋ ಜಾತಿ. ಇನ್ನು ಟವೆಲ್ ಎಲ್ಲಿಗೆ ಹಾಕ್ತೀಯ?"

ಇಂಜೆಕ್ಷನ್ ಕೊಡಿಸಿ ನೋಡಿದರು... ಕೂದಲು ಹೋಯ್ತು, ಗಂಟು ಮತ್ತೆ ಬಂತು. ಮನೆಯವರ ತೆಂಗಿನ ತೋಟದಲ್ಲಿ ಸಮಾಧಿ ಮಾಡುವಾಗ, ಕರಡಿಗೆಯಿಂದ ಲಿಂಗ ತೆಗೆದು ಅವರ ಅಂಗೈಯಲ್ಲಿಟ್ಟರು. ಮತ್ತೆ ಕಾಲೇಜಿಗೆ ಹೊರಟ ದಿನ ಅಭ್ಯಾಸಬಲದಿಂದ ಟವೆಲ್ ಎಸೆದುಬಿಟ್ಟಿದ್ದೆ. ಅದನ್ನು ತೆಗೆಯಲು ಮನಸ್ಸು ಬರಲಿಲ್ಲ. ಕಡೂರಿನವರೆಗೂ ಆ ಸೀಟು ಖಾಲಿಯೇ ಇತ್ತು.

ನನ್ನ ಗಂಟಿನಲ್ಲಿ ರಿಸೆಪ್ಟರ್ ಇತ್ತು. ಒಳ್ಳೇದಾಯ್ತಮ್ಮ, ಮಾತ್ರೆ ಕೆಲಸ ಮಾಡುತ್ತೆ ಎಂದು ಡಾಕ್ಟರು ಹೇಳಿದಾಗ ನಾನು ಬಿಕ್ಕಿ ಬಿಕ್ಕಿ ಅತ್ತೆ. ಸಂತೋಷಕ್ಕೆ ಅಳುತ್ತಿದ್ದಾಳೆ ಎಂದುಕೊಂಡರು. ಈ ಹೊತ್ತೂ ಮಾತ್ರೆ ನುಂಗಿ ನೀರು ಕುಡಿದೆ. ಅವರಿಗೆಂದು ಎಷ್ಟೊಂದು ಸೀಟು ಹಿಡಿದುಕೊಟ್ಟಿದ್ದೆ... ಬೇಕಾಗಿದ್ದ ಒಂದು ಸಿಗಲಿಲ್ಲ.