ಸೀರೆಯ ಬೆನ್ನಿಗೊಂದು ಗಂಟು

ಮಳೆ ಬಿದ್ದರೆ ಕೈಗೆ ಹುರುಪು ಬರುತ್ತದೆ ಎನ್ನುವವರನ್ನು ನಾನು ನಂಬುವುದಿಲ್ಲ. ಇಳಕಲ್ಲಿನ ಬೇಸಿಗೆಯಲ್ಲಿ ಕಸೂತಿ ಹಾಕಲಾಗುವುದಿಲ್ಲ, ಬೆವರಿಗೆ ರೇಷ್ಮೆ ದಾರ ಮಂಕಾಗುತ್ತದೆ. ಪ್ರತಿ ವರ್ಷ ಮಿರಗದ ಮಳೆಗಾಳಿ ಬೀಸಿದ ಮೇಲೆ ಮತ್ತೆ ಸೂಜಿ ಹಿಡಿಯುತ್ತಿದ್ದೆ. ಹೋದ ವರ್ಷ ಮಿರಗ ಬಂತು, ಹವೆ ತಂಪಾಯಿತು, ಕೈ ಮಾತ್ರ ಏಳಲಿಲ್ಲ. ಬಸುರಿ ಮಗಳ ಕುಬಸದ ಶಾಸ್ತ್ರಕ್ಕೆಂದು ತೆಗೆದಿಟ್ಟ ಕರಿ ಸೀರೆಯ ಸೆರಗಿನಲ್ಲಿ ಅರ್ಧ ಆನೆ ನಿಂತಿತ್ತು. ಬಿಚ್ಚುವುದು, ನೋಡುವುದು, ಮಡಚಿ ಟ್ರಂಕಿನಲ್ಲಿಡುವುದು. ಇನ್ನು ನನ್ನಿಂದ ಆಗುವುದೇ ಇಲ್ಲವೇನೋ ಎಂದು ಹೆದರಿದ್ದೆ. ಯಾರಿಗೂ ಹೇಳಲಿಲ್ಲ.

ಒಂದು ದಿನ ಟ್ರಂಕು ತೆರೆದರೆ ಆನೆಗೆ ಸೊಂಡಿಲು ಬಂದಿತ್ತು! ಸೊಂಡಿಲೆಂದರೆ ಏನು, ಸೊಟ್ಟ ಬದನೆಕಾಯಿ. ಹೊರಳಿಸಿ ನೋಡಿದೆ, ಹಿಂದೆ ಕಡಲೆಯಷ್ಟು ಗಂಟು. ಕಸೂತಿಯಲ್ಲಿ ಗಂಟು ಹಾಕುವಂತಿಲ್ಲ, ಸೀರೆಯ ಬೆನ್ನೂ ಮುಖದಷ್ಟೇ ಚೊಕ್ಕ ಇರಬೇಕು. ಮೈಯೆಲ್ಲ ಉರಿದುಹೋಯಿತು.

ಮೊದಲ ಗುಮಾನಿ ಗುಡೂರಿನ ನಾದಿನಿಯ ಮೇಲೆ. ಆ ವಾರ ಬಂದು ಉಳಿದಿದ್ದಳು, ಸೀರೆಯನ್ನು ಸವರಿ ಸವರಿ ನೋಡಿದ್ದಳು. ಬಾಯಿ ಬಿಟ್ಟರೆ ಎಚ್ಚರಾಗುತ್ತಾಳೆಂದು ಗಪ್ಪನೆ ಗಂಟು ಕತ್ತರಿಸಿ, ಎಲ್ಲ ಬಿಚ್ಚಿ, ಅದೇ ಜಾಗದಲ್ಲಿ ಸರಿಯಾದ ಸೊಂಡಿಲು ಹಾಕಿಟ್ಟೆ. ಅವಳು ಊರಿಗೆ ಹೋದ ಮೇಲೂ ಆನೆಗೊಂದು ಸೊಟ್ಟ ಕಾಲು ಬಂತು. ಅದನ್ನೂ ಬಿಚ್ಚಿ ಹಾಕಿದೆ.

ಈಗ ಗುಮಾನಿ ಪಕ್ಕದ ಮನೆಯವಳತ್ತ ತಿರುಗಿತು. ಮೊಸರಿಗೆ ಹೆಪ್ಪು ಕೇಳುವ ನೆಪದಲ್ಲಿ ಒಳಗಿನ ಖೋಲಿಯ ತನಕ ಬರುವವಳು. ಕರೆದು ಚಹಾ ಕೊಟ್ಟು, "ಇದಕ್ಕೊಂದು ಗುಂಡಿ ಹಚ್ಚಿಕೊಡವಾ, ನನ್ನ ಕಣ್ಣ ಮಬ್ಬಾಗ್ಯಾವ" ಎಂದು ಗಂಡನ ಅಂಗಿ ಕೊಟ್ಟೆ. ಅವಳ ಗಂಟು ಸಾಸಿವೆಯಷ್ಟು. ಅವಳಲ್ಲ. ಅಥವಾ ಬೇಕೆಂದೇ ಸಣ್ಣದು ಹಾಕಿದಳೋ!

ಹೀಗೇ ನಡೆಯಿತು, ಒಂದು ಆನೆ ಮುಗಿದರೆ ಪಕ್ಕದಲ್ಲಿ ಇನ್ನೊಂದು. ಸಂಜೆ ನಾನು ಮಠದ ವಚನ ಕೂಟಕ್ಕೆ ಹೋಗಿಬರುವಷ್ಟರಲ್ಲಿ ಸೊಟ್ಟ ಹೊಲಿಗೆ ಹುಟ್ಟುತ್ತಿತ್ತು. ಮರುದಿನ ಗಂಡ ಪೇಪರ್ ಓದಲು ವಾಚನಾಲಯಕ್ಕೆ ಹೋದಾಗ ಬಿಚ್ಚಿ ಹಾಕುತ್ತಿದ್ದೆ. ಬ್ಯಾಂಕಿನಲ್ಲಿ ಜನ್ಮ ಸವೆಸಿದ ಅವರ ಮೇಲೆ ಗುಮಾನಿ ಬರಲಿಲ್ಲ. ಅವರು ಸೂಜಿ ಮುಟ್ಟಿದ್ದನ್ನೇ ನಾನು ಕಂಡಿರಲಿಲ್ಲ.

ಒಂದು ಸಂಜೆ ಮಳೆ ಜೋರಾಗಿ ಅರ್ಧ ದಾರಿಯಿಂದಲೇ ತಿರುಗಿ ಬಂದೆ. ಗಂಡ ಸೀರೆಯನ್ನು ತೊಡೆಯ ಮೇಲೆ ಹರವಿಕೊಂಡು ಮಗಳೊಡನೆ ಫೋನಿನಲ್ಲಿದ್ದರು.

"ಸೀರಿ ಚಿಂತಿ ಬಿಡವಾ. ನಿಮ್ಮವ್ವನ ಕೈಲೆ ಇನ್ನ ಆಗೂದಿಲ್ಲ. ಪಾಪ, ಸೀರಿ ನೋಡ್ಕೋತ ಕುಂದ್ರತಾಳ. ಕಸೂತಿ ನಾನ ಹಾಕಾಕತ್ತೇನಿ. ಹಾಕಿದಾಗ ಸೊಟ್ಟ ಕಾಣತಾವ, ಟ್ರಂಕಿನಾಗ ಇಟ್ರ ಮರುದಿನ ನೆಟ್ಟಗ ಕುಂತಿರತಾವ. ಆನಿ ಎಷ್ಟ ಚಂದ ಬಂದಾವ ಅಂತಿ!"

ಪಾಪವಂತೆ! ನನ್ನ ಕೈ ಮುಗಿಯಿತೆಂದು ಇವರೂ ಒಪ್ಪಿಕೊಂಡುಬಿಟ್ಟಿದ್ದರು. ಅದು ಬಹಳ ಚುಚ್ಚಿತು. ಹೋಗಿ ಸೆರಗು ಕಸಿದು ಹೊರಳಿಸಿದೆ. ಸಾಲು ಆನೆಗಳ ಬೆನ್ನಿನಲ್ಲಿ ಒಂದೇ ಗಂಟು, ಇವತ್ತಿನದು. ಉಳಿದದ್ದೆಲ್ಲ ಚೊಕ್ಕ. ಅಷ್ಟೂ ನನ್ನ ಕೈಯದು. ಕಳ್ಳರನ್ನು ಹುಡುಕುವ ಭರದಲ್ಲಿ ಅದು ನನಗೇ ಗೊತ್ತಾಗಿರಲಿಲ್ಲ.

ಕತ್ತರಿ ತಂದು ಆ ಗಂಟು ಕತ್ತರಿಸಿದೆ.

"ಅಯ್ಯ, ಯಾಕ ಬಿಚ್ಚತಿ? ನಾಳಿಗೆ ನೆಟ್ಟಗ ಆಗತೈತಿ!" ಎಂದರು.

"ನಾಳಿ ತನಕ ಯಾಕ್ರಿ," ಎಂದು ಸೂಜಿಗೆ ದಾರ ಪೋಣಿಸಿಕೊಂಡು ಅವರ ಎದುರಿಗೇ ಕುಳಿತೆ, "ಈಗಽ ಆಗತೈತಿ, ನೋಡ್ರಿ."