ತಂಗಿ ಮನೆಯ ಬಾಗಿಲು

ಫೋನಿನಿಂದಲೇ ತೆರೆದು ಮುಚ್ಚುವ ಬಾಗಿಲ ಬೀಗಗಳನ್ನು ಪರೀಕ್ಷಿಸುವುದು ಪಿಲ್ಲಗುಂಪೆಯ ಕಾರ್ಖಾನೆಯಲ್ಲಿ ನನ್ನ ಕೆಲಸ. ತಂಗಿಯ ಗಂಡ ಹೊಸಕೋಟೆಯಲ್ಲಿ ಮನೆ ಮಾಡಿದಾಗ ಅಂಥದ್ದೇ ಬೀಗ ಹಾಕಿಸಿದ. ನಡುಮನೆಯಲ್ಲಿ ಕ್ಯಾಮೆರಾ, ಫ್ಯಾನು, ಲೈಟು ಎಲ್ಲವೂ ಅವನ ಫೋನಿಗೇ. ನೆಂಟರೆಲ್ಲ ಹೊಗಳಿದರು. ನನಗೂ ಹೆಮ್ಮೆಯೇ ಆಗಿತ್ತು.

ಒಂದು ಮಧ್ಯಾಹ್ನ ಹೋಗಿದ್ದೆ. ತಂಗಿ ನನ್ನನ್ನು ಅಡುಗೆಮನೆಗೆ ಕರೆದೊಯ್ದು, ನಲ್ಲಿ ಜೋರಾಗಿ ಬಿಟ್ಟು ಮಾತು ತೆಗೆದಳು.

"ಮಲಗಿದ್ರೆ ಆಫೀಸಿಂದಲೇ ಫ್ಯಾನ್ ಆಫ್ ಮಾಡ್ತಾರಕ್ಕ. ಮೊನ್ನೆ ತರಕಾರಿ ತಗೊಂಡು ಬಂದ್ರೆ ಬಾಗ್ಲೇ ತೆಗೀಲಿಲ್ಲ. ಬೀಗದ ನಂಬರ್ ಬದಲಾಯಿಸ್ಬಿಟ್ಟಿದ್ರು. ಅವ್ರು ಬರೋವರ್ಗೂ ಮೆಟ್ಲ ಮೇಲೆ ಕೂತಿದ್ದೆ."

ಅಷ್ಟರಲ್ಲಿ ನಡುಮನೆಯಿಂದ ಅವನ ದನಿ ಬಂತು. "ಅಕ್ಕಾ, ಊಟ ಮಾಡ್ಕೊಂಡೇ ಹೋಗಿ."

ಅವನು ಮನೆಯಲ್ಲಿರಲಿಲ್ಲ. ಆಫೀಸಿನಿಂದಲೇ ಕ್ಯಾಮೆರಾದ ಮೂಲಕ ಮಾತಾಡಿದ್ದ. ತಂಗಿ ನಲ್ಲಿ ನಿಲ್ಲಿಸಿ ತಟ್ಟೆ ಹಾಕಿದಳು.

ಬೀಗದ ನಂಬರ್ ತಂಗಿಯೂ ಬದಲಾಯಿಸಬಹುದಾ ಎಂದು ಮರುದಿನ ನಮ್ಮ ಕಾರ್ಖಾನೆಯ ಇಂಜಿನಿಯರರನ್ನು ಕೇಳಿದೆ. "ಮೊದ್ಲು ಯಾರ ಫೋನ್ ನಂಬರ್ ಹಾಕಿರ್ತಾರೋ ಅವ್ರೇ ಓನರ್ ಕಣಮ್ಮ," ಅಂದರು.

"ಓನರಿಂದಲೇ ತೊಂದ್ರೆ ಆದ್ರೆ ಸರ್?"

ಅವರು ಕೈಲಿದ್ದ ಬೀಗವನ್ನು ಮೇಜಿನ ಮೇಲಿಟ್ಟರು. "ನಾವು ಕಳ್ಳನ್ನ ಮನಸ್ಸಲ್ಲಿಟ್ಕೊಂಡು ಮಾಡಿದ್ದು. ಮನೆಯೋರ ಬಗ್ಗೆ ಯಾರೂ ಯೋಚ್ನೆ ಮಾಡ್ಲಿಲ್ಲ."

ಬೀಗದ ಕಂಪನಿಯ ಸಹಾಯವಾಣಿಯ ಹುಡುಗಿಯೂ ಅದನ್ನೇ ಬಹಳ ವಿನಯದಿಂದ ಹೇಳಿದಳು: ಏನಿದ್ದರೂ ಓನರೇ ಫೋನ್ ಮಾಡಬೇಕಂತೆ.

ತೂಬಗೆರೆಗೆ ಹೋಗಿ ಅಮ್ಮನಿಗೆ ಹೇಳಿದೆ. "ಹೊಡೀತಾನಾ, ಕುಡೀತಾನಾ? ಹೆಂಡ್ತಿ ಜೋಪಾನ ಅಂತ ಹಾಕ್ಸವ್ನೆ," ಅಂದಳು. ಠಾಣೆಗೆ ಹೋಗೋಣ ಎಂದರೆ ತಂಗಿಯೇ ಒಪ್ಪಲಿಲ್ಲ. "ಹೋಗಿ ಏನಂತ ಹೇಳ್ಲಿ, ಫ್ಯಾನ್ ಆಫ್ ಮಾಡಿದ್ರು ಅಂತಲಾ?"

ಇನ್ನೊಮ್ಮೆ ಹೋದಾಗ ಸಿಟ್ಟು ತಡೆಯಲಾರದೆ ಕ್ಯಾಮೆರಾದ ವೈರು ಕಿತ್ತುಹಾಕಿದೆ. ಸಂಜೆ ಅವನು ಬಂದು ವೈರನ್ನು ಮತ್ತೆ ಸಿಕ್ಕಿಸಿದನಂತೆ. ಕೆಲವೇ ದಿನಗಳಲ್ಲಿ ಅಡುಗೆಮನೆಗೂ ಒಂದು ಕ್ಯಾಮೆರಾ ಬಂತು. ಆಮೇಲೆ ನಮಗೆ ನಲ್ಲಿ ಬಿಟ್ಟು ಮಾತಾಡುವ ಜಾಗವೂ ಇಲ್ಲದಾಯಿತು.

ಹೋದ ತಿಂಗಳು ಮತ್ತೆ ಹೋದೆ. ಎಷ್ಟು ಬಡಿದರೂ ಬಾಗಿಲು ತೆರೆಯಲಿಲ್ಲ. ಕೊನೆಗೆ ಒಳಗಿಂದ ತಂಗಿ ಬಾಗಿಲಿಗೆ ಬಾಯಿಟ್ಟು ಪಿಸುಗುಟ್ಟಿದಳು. "ತೆಗೆದ್ರೆ ಅವ್ರ ಫೋನಿಗೆ ಗೊತ್ತಾಗತ್ತೆ. ನಿನ್ನ ಒಳಗೆ ಸೇರಿಸ್ಬೇಡ ಅಂದವ್ರೆ."

"ಹಂಗಾದ್ರೆ ನೀನೇ ಹೊರಗೆ ಬಾ. ನನ್ ಜೊತೆ ಬಂದ್ಬಿಡು."

"ಬಂದು ಎಷ್ಟು ದಿನ ಇರ್ಲಿ ಅಕ್ಕ?"

ಎಷ್ಟು ದಿನ ಬೇಕಾದ್ರೂ ಇರು ಅನ್ನಬೇಕಿತ್ತು. ಅತ್ತೆ, ಮಾವ, ಮೈದುನರಿರುವ ನನ್ನ ಮನೆ ಕಣ್ಣಮುಂದೆ ಬಂತು. ಬಾಗಿಲ ಮೇಲೆ ಕೈಯಿಟ್ಟು ನಿಂತೆ.

"ಬಿಸ್ಲು ಏರ್ತಾ ಇದೆ, ಹೊರಡಕ್ಕ," ಅಂದಳು.

ನಾನು ಬಸ್‌ ಸ್ಟ್ಯಾಂಡಿನ ಕಡೆ ನಡೆದೆ.