ಚಿಂದಿ ಮೂಟೆ ಕಡಿಮೆಯಾದ ವರ್ಷ

ಕಡಕೊಳದ ಒಂದು ಸಣ್ಣ ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ನಾನು ಕಟಿಂಗ್ ವಿಭಾಗದ ಸೂಪರ್‌ವೈಸರ್ ಆಗಿದ್ದೆ. ಅಂಗಿ ಕತ್ತರಿಸಿ ಉಳಿದ ತುಂಡುಬಟ್ಟೆಯನ್ನು ಶೆಡ್ಡಿನ ಹಿಂದೆ ನಾಲ್ವರು ಹೆಂಗಸರು ನೆಲದ ಮೇಲೆ ಕೂತು, ಬಣ್ಣ ನೋಡಿ ವಿಂಗಡಿಸಿ ಮೂಟೆ ಕಟ್ಟುತ್ತಿದ್ದರು. ಅವರಲ್ಲಿ ಹಿರಿಯರನ್ನು ನಾವೆಲ್ಲ ಅಕ್ಕ ಅನ್ನುತ್ತಿದ್ದೆವು. ಮಂಡಿ ಮೊಹಲ್ಲಾದಿಂದ ಎರಡು ಬಸ್ಸು ಹತ್ತಿ ಬರುತ್ತಿದ್ದರು. ಅವರ ಗಂಡ ಆ ಮೊಹಲ್ಲಾದಲ್ಲೇ ಟೈಲರ್ ಆಗಿದ್ದು, ತೀರಿಕೊಂಡು ವರ್ಷಗಳಾಗಿದ್ದವು.

ಒಂದು ದಿನ ಮ್ಯಾನೇಜರ್ ನನ್ನನ್ನು ಕರೆಸಿ, “ಇಷ್ಟು ಬಟ್ಟೆ ಹಾಳಾದ್ರೆ ಹೇಗ್ರೀ? ಕಡಿಮೆ ಮಾಡ್ಲೇಬೇಕು” ಅಂದರು. ನಾನು ಗೋಡೆಗೆ ಸೂಚನೆ ಅಂಟಿಸಿದೆ. ಕಟಿಂಗ್ ಮಾಸ್ಟರ್ ಮೇಲೆ ಎಲ್ಲರೆದುರು ರೇಗಾಡಿದೆ. ಮೂಟೆಗಳು ಮಾತ್ರ ಅಷ್ಟೇ ಇದ್ದವು.

ಅವತ್ತು ಊಟದ ಹೊತ್ತಿಗೆ ಅಕ್ಕ ಒಂದು ಹಿಡಿ ತುಂಡು ತಂದು ನನ್ನ ಮುಂದೆ ಹರಡಿದರು.

“ಅವ್ರನ್ನ ಬೈಬೇಡಿ ಕಣಮ್ಮ. ದಿನಾ ಇದೇ ಆಕಾರದ ತುಂಡೇ ಬತ್ತದೆ, ನೋಡಿ. ತೋಳಿನ ಪ್ಯಾಟರ್ನ್ ಇಡೋವಾಗ ಒಂದನ್ನ ತಲೆಕೆಳಗು ಮಾಡಿ ಇಟ್ಬುಡಿ. ಎಳೆ ನೇರ ಇದ್ರೆ ಸಾಕು. ಈ ಸಂದೀಲಿ ಕಾಲರ್ ಕೂತ್ಕೊತದೆ.”

“ನಿಮಗೆ ಇದೆಲ್ಲ ಹೇಗೆ ಗೊತ್ತು ಅಕ್ಕ?”

“ನಮ್ಮನೆಯವ್ರು ಒಂದು ಗೇಣು ಬಟ್ಟೆ ಬಿಸಾಡ್ತಿರ್ಲಿಲ್ಲ. ಅವ್ರ ಪಕ್ಕ ಕೂತು ಗುಂಡಿಗೆ ಕಾಜಾ ಹಾಕ್ತಿದ್ದೋಳು ನಾನು.”

ಹತ್ತು ಹದಿನೈದು ದಿನ ಊಟದ ಬಿಡುವಿನಲ್ಲಿ ನಾವಿಬ್ಬರೂ ಕಟಿಂಗ್ ಟೇಬಲ್ಲಿನ ಮೇಲೆ ಕಾಗದದ ಪ್ಯಾಟರ್ನುಗಳನ್ನು ತಿರುಗಿಸಿ ತಿರುಗಿಸಿ ಇಟ್ಟು ನೋಡಿದೆವು. ಒಂದೊಂದು ತುಂಡು ಕೂತಾಗಲೂ ಅಕ್ಕ ಚಿಕ್ಕ ಹುಡುಗಿಯ ಹಾಗೆ ನಗುತ್ತಿದ್ದರು. ಕೊನೆಗೆ ಮಾಸ್ಟರ್ ಕೂಡ ಒಪ್ಪಿಕೊಂಡರು. ಎರಡೇ ತಿಂಗಳಲ್ಲಿ ಮೂಟೆಗಳು ಅರ್ಧಕ್ಕಿಂತ ಕಡಿಮೆಯಾದವು.

ಮೀಟಿಂಗಿನಲ್ಲಿ ನನ್ನನ್ನು ಎಬ್ಬಿಸಿ ನಿಲ್ಲಿಸಿ ಚಪ್ಪಾಳೆ ತಟ್ಟಿದರು. ಹೇಗೆ ಮಾಡಿದಿರಿ ಅಂತ ಮ್ಯಾನೇಜರ್ ಕೇಳಿದಾಗ, “ನಮ್ಮ ವಿಭಾಗದವರೆಲ್ಲ ಸೇರಿ ಮಾಡಿದ್ವಿ ಸರ್” ಅಂದೆ. ಅದು ಸುಳ್ಳಲ್ಲ ಅಂತ ನನಗೆ ನಾನೇ ಹೇಳಿಕೊಂಡೆ.

ಮುಂದಿನ ವಾರವೇ ಮ್ಯಾನೇಜರ್ ಮತ್ತೆ ಕರೆಸಿದರು. ಚಿಂದಿ ಕಡಿಮೆಯಾದ ಮೇಲೆ ವಿಂಗಡಿಸಲು ನಾಲ್ವರು ಯಾಕೆ? ಒಬ್ಬರು ಸಾಕು. ಇಬ್ಬರನ್ನು ಪ್ಯಾಕಿಂಗಿಗೆ ಹಾಕುತ್ತೇವೆ. ಅಲ್ಲಿ ದಿನವಿಡೀ ನಿಂತೇ ಇರಬೇಕು. ಅಕ್ಕನಿಗೆ ಮೊಣಕಾಲು ನೋವು, ಆಗುವುದಿಲ್ಲ. ವಯಸ್ಸೂ ಆಯಿತು, ಕೆಲಸ ಬಿಡಿಸೋಣ. “ನಿಮ್ಮ ಮಾತು ಕೇಳ್ತಾರೆ, ನೀವೇ ಹೇಳ್ಬಿಡಿ.”

“ಸರಿ ಸರ್” ಅಂದೆ. ಇದೆಲ್ಲ ಅವರೇ ಹೇಳಿಕೊಟ್ಟದ್ದು ಅಂದರೆ, ಅವತ್ತು ಚಪ್ಪಾಳೆ ಹೊಡೆಸಿಕೊಂಡದ್ದು ಏನಾಗಬೇಕು?

ಶೆಡ್ಡಿನ ಹಿಂದೆ ಹೋಗಿ ಹೇಳಿದೆ. ಅಕ್ಕ ಕೈಯಲ್ಲಿದ್ದ ನೀಲಿ ತುಂಡನ್ನು ನೀಲಿ ಗುಡ್ಡೆಗೆ ಹಾಕಿದರು.

“ಅಂಗಾದ್ರೆ ನಾನು ಹೇಳ್ಕೊಟ್ಟಿದ್ದಕ್ಕೇ ಇಂಗಾಯ್ತಾ?”

ನಾನು ತಲೆ ತಗ್ಗಿಸಿದೆ.

“ಸಾಹೇಬ್ರಿಗೆ ಗೊತ್ತಾ, ನಾನೇ ಹೇಳ್ಕೊಟ್ಟಿದ್ದು ಅಂತ?”

ಅದಕ್ಕೂ ನಾನು ಉತ್ತರ ಕೊಡಲಿಲ್ಲ. ಅವರಿಗೆ ಅರ್ಥವಾಯಿತು. ಸಂಜೆಯವರೆಗೆ ಮಿಕ್ಕ ಕೆಲಸ ಮುಗಿಸಿ, ನೆಲ ಗುಡಿಸಿ, ಯಾರಿಗೂ ಹೇಳದೆ ಬಸ್ಸಿಗೆ ಹೋದರು.

ಮೂರು ದಿನ ತಡೆದು ನೋಡಿದೆ, ಆಗಲಿಲ್ಲ. ಮ್ಯಾನೇಜರ್ ಹತ್ತಿರ ಹೋಗಿ ಎಲ್ಲವನ್ನೂ ಹೇಳಿದೆ. ಅವರು ಕನ್ನಡಕ ತೆಗೆದು, “ಇದನ್ನ ಮೊದಲೇ ಹೇಳಿದ್ರೆ ಕಟಿಂಗಿಗೇ ಹಾಕ್ಕೋತಿದ್ನಲ್ರೀ” ಅಂದರು. ಬೈದಿದ್ದರೂ ನನಗೆ ಅಷ್ಟು ನೋವಾಗುತ್ತಿರಲಿಲ್ಲ. ಕರೆದುಕೊಂಡು ಬನ್ನಿ, ನೋಡೋಣ ಅಂದರು.

ಭಾನುವಾರ ಮಂಡಿ ಮೊಹಲ್ಲಾಕ್ಕೆ ಹೋದೆ. ಅಕ್ಕ ಒಳಗೆ ಕರೆದು ಟೀ ಕೊಟ್ಟರು. ವಿಷಯ ಹೇಳಿ ಕ್ಷಮೆ ಕೇಳಿದೆ. “ಬರೋಲ್ಲ ಕಣಮ್ಮ” ಅಂದರು ಮೆಲ್ಲಗೆ. “ಕೆಲ್ಸ ಹೋಗಿದ್ದಕ್ಕಲ್ಲ. ನೀವು ನನ್ನ ಎದುರಿಗೆ ಸುಮ್ಮನೆ ನಿಂತ್ರಲ್ಲ, ಅದು ಮರೆಯೋಕಾಗ್ತಿಲ್ಲ.”

ಆರು ತಿಂಗಳ ಮೇಲೆ ಮತ್ತೆ ಹೋದಾಗ ಆ ಮನೆಯಲ್ಲಿ ಬೇರೆಯವರಿದ್ದರು. ಅಕ್ಕ ಮಗಳ ಊರಿಗೆ ಹೋದರಂತೆ. ಯಾವ ಊರೆಂದು ಪಕ್ಕದ ಮನೆಯವರಿಗೂ ಗೊತ್ತಿರಲಿಲ್ಲ.